ಎತ್ತರದ ನೋಟವೂ ಕರಸ್ಥಲದ ದೃಷ್ಟಿಯೂ

ಮನುಷ್ಯನ ಮನಸ್ಸು ಸ್ವಭಾವದಿಂದಲೇ ಎತ್ತರವನ್ನು ಬಯಸುವಂಥದು. ಅಂಬೆಗಾಲಿಕ್ಕುವ ಶಿಶುವು ಹೊಸ್ತಿಲನ್ನು ದಾಟಿದೊಡನೆ ಮೆಟ್ಟಿಲನ್ನು ಏರಲು ಹವಣಿಸುವುದು. ಬೆಳೆದವನಾದರೂ ಅಷ್ಟೆ, ಬೆಟ್ಟವನ್ನು ಕಂಡರೆ ಅದರ ನೆತ್ತಿಯ ಮೇಲೆ ನಿಂತು ಸುತ್ತಲೂ ಒಮ್ಮೆ ನೋಡಬೇಕೆಂದು ಆಸೆಪಡುವನು. ಹೊಲದ ಬದುವಿನಲ್ಲಿ ನಿಂತವನಿಗೆ ನೆರೆಯವನ ಹೊಲವಷ್ಟೇ ಕಾಣುವುದು; ಬೆಟ್ಟದ ಮೇಲೆ ನಿಂತವನಿಗೆ ಹತ್ತೂರು ಕಾಣುವುದು. ಹೆಚ್ಚು ಕಂಡವನು ಹೆಚ್ಚು ಬಲ್ಲವನೆಂಬುದು ಲೋಕದ ಎಣಿಕೆ. ಈ ಎಣಿಕೆ ಎಷ್ಟರಮಟ್ಟಿಗೆ ನಿಜ? ಎತ್ತರದ ಸ್ಥಳವನ್ನು ಏರಿದವನು ಒಳಗೂ ಎತ್ತರವಾಗುವನೆ? ಕಣ್ಣಿಗೆ ದೊಡ್ಡದು ಕಂಡ ಮಾತ್ರಕ್ಕೆ ಬಾಳು ದೊಡ್ಡದಾಗುವುದೆ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ಗ್ರಂಥಾವಲೋಕನದಿಂದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಮೊದಲು ಆ ತಪ್ಪನ್ನೇ ವಾಚಕರ ಮುಂದೆ ನಿವೇದಿಸಿಕೊಂಡು ಅನಂತರ ವಿಚಾರಕ್ಕೆ ತೊಡಗುವೆನು.

ಕೆಲವು ವರ್ಷಗಳ ಹಿಂದೆ ದಕ್ಷಿಣ ಕನ್ನಡ ಜಿಲ್ಲೆಯ ಪೊಳಲಿಯಲ್ಲಿ ಮಿತ್ರರೊಬ್ಬರ ಮನೆಯಲ್ಲಿ ನಾಲ್ಕಾರು ದಿನ ತಂಗಿದ್ದೆನು. ಬಂಟ್ವಾಳ ತಾಲೂಕಿಗೆ ಸೇರಿದ ಆ ಊರು ಫಲ್ಗುಣೀ ನದಿಯ ದಡದಲ್ಲಿರುವುದು. ಪೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣವೆಂದು ಅರ್ಥ. ಇಂದು ಅದು ಗದ್ದೆ ತೋಟಗಳ ನಡುವಣ ಶಾಂತವಾದ ಊರು. ಅಲ್ಲಿಯ ರಾಜರಾಜೇಶ್ವರಿಯ ದೊಡ್ಡ ಮೂರ್ತಿ ಕಲ್ಲಿನದೂ ಅಲ್ಲ, ಲೋಹದ್ದೂ ಅಲ್ಲ, ಮಣ್ಣಿನದು. ಜಾತ್ರೆಯ ಕಾಲದಲ್ಲಿ ‘ಪೊಳಲಿ ಚೆಂಡು’ ಎಂಬ ಹೆಸರಾಂತ ಆಟವನ್ನು ನೋಡಲು ಸುತ್ತಣ ಊರುಗಳ ಜನ ಒಂದೇ ಬಯಲಿನಲ್ಲಿ ನೆರೆಯುವರು. ಮಣ್ಣು, ನೀರು, ಸಮತಟ್ಟಾದ ನೆಲ, ಅದರ ಮೇಲೆ ಒಟ್ಟಾಗಿ ನಿಂತ ಜನ, ಇವೇ ಆ ಊರಿನ ಸಂಪತ್ತು. ಆದರೆ ಬಯಲುಸೀಮೆಯಿಂದ ಹೋದ ನನಗೆ ಬಯಲು ಹೊಸದೆನಿಸಲಿಲ್ಲ. ಮೂರನೆಯ ದಿನಕ್ಕೆ ನನ್ನ ಕಣ್ಣು ಮೂಡಣ ದಿಕ್ಕಿನ ಬೆಟ್ಟಗಳ ಕಡೆಗೆ ಹೊರಳಿತು.

ಪೊಳಲಿಯಿಂದ ಮೂಡಲಿಗೆ ಹೋದಂತೆ ನೆಲವು ಮೆಲ್ಲಮೆಲ್ಲನೆ ಏರುತ್ತ ಸಹ್ಯಾದ್ರಿಯ ಬುಡವನ್ನು ಮುಟ್ಟುವುದು. ನಡುನಡುವೆ ಬೋಳುಬಂಡೆಗಳು ಒಮ್ಮೆಲೇ ತಲೆಯೆತ್ತಿ ನಿಂತಿವೆ. ಬಂಟ್ವಾಳದ ಕಾರಿಂಜ, ಮೂಡುಬಿದಿರೆಯ ಕಡೆಯ ಕೊಡಂಜೆಕಲ್ಲು, ಬೆಳ್ತಂಗಡಿಯ ಗಡಾಯಿಕಲ್ಲು ಇವೆಲ್ಲ ಆ ಬಗೆಯವು. ಇವುಗಳಲ್ಲಿ ಗಡಾಯಿಕಲ್ಲಿನ ನಿಲುವು ನೋಡುವವರ ಎದೆಯನ್ನು ನಡುಗಿಸುವಂಥದು. ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರವಾದ ಆ ಹೆಬ್ಬಂಡೆಯ ಪಕ್ಕಗಳು ಗೋಡೆಯಂತೆ ನೆಟ್ಟಗೆ ಇಳಿದಿವೆ. ಹಿಂದೆ ನರಸಿಂಹಗಡವೆನಿಸಿದ್ದ ಆ ಸ್ಥಳದಲ್ಲಿ 1794ರಲ್ಲಿ ಟಿಪ್ಪು ಸುಲ್ತಾನನು ಕೋಟೆಯನ್ನು ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟನು. ಅದು ಅವನ ತಾಯಿಯ ನೆನಪಿನ ಹೆಸರೆಂದು ಹೇಳುವರು. 1799ರಲ್ಲಿ ಅವನು ಮಡಿದ ಬಳಿಕ ಕೋಟೆ ಬ್ರಿಟಿಷರ ವಶವಾಯಿತು. ಏರುವುದಕ್ಕೆ ಒಂದೇ ಇಕ್ಕಟ್ಟಾದ ದಾರಿ. ಮೆಟ್ಟಿಲುಗಳು 1800ಕ್ಕೂ ಮಿಕ್ಕಿವೆ. ಬಹುಪಾಲು ಬಂಡೆಯಲ್ಲಿಯೇ ಕಡಿದಂಥವು. ಮೇಲೆ ಈಗ ಉಳಿದಿರುವುದು ಪಾಳುಗೋಡೆಗಳು, ಮಳೆನೀರು ನಿಲ್ಲುವ ಕೊಳ, ಗಾಳಿ, ಮತ್ತು ಎಲ್ಲ ದಿಕ್ಕಿಗೂ ತೆರೆದ ನೋಟ.

ನಾನೂ ಮಿತ್ರರ ಮಗನೂ ಬೆಳಗಿನಲ್ಲಿಯೇ ಹೊರಟು ಏರತೊಡಗಿದೆವು. ಮೊದಲ ಭಾಗ ಕಾಡಿನ ನೆರಳಿನಲ್ಲಿ ಸಾಗಿತು. ಅಲ್ಲಿ ಒಂದು ತಿರುವಿನಲ್ಲಿ ಐವತ್ತು ದಾಟಿದವರೊಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಲು ಉಳುಕಿತ್ತು, ಮುಖ ಬಾಡಿತ್ತು. ಜೊತೆಯವರು ಮುಂದೆ ಹೋಗಿದ್ದರೆಂದು ತೋರುತ್ತದೆ. “ಸ್ವಲ್ಪ ನೀರುಂಟಾ ಸ್ವಾಮಿ?” ಎಂದು ಅವರು ಕೇಳಿದರು. ನಮ್ಮಲ್ಲಿ ಎರಡು ಬಾಟಲಿ ನೀರಿತ್ತು. ಆದರೆ ಬಿಸಿಲು ಏರುವ ಮೊದಲು ನೆತ್ತಿಯನ್ನು ಮುಟ್ಟಬೇಕು, ಮೇಲೆ ಕುಡಿಯುವ ನೀರು ಸಿಗದು, ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಒಂದು ಗುಟುಕು ಕೊಟ್ಟು, “ಇಳಿದು ಬರುವಾಗ ನೋಡುವೆವು, ಇಲ್ಲಿಯೇ ಕುಳಿತಿರಿ” ಎಂದು ಹೇಳಿ ಮುಂದೆ ನಡೆದೆನು. ಹುಡುಗನು ಎರಡು ಸಲ ಹಿಂದಿರುಗಿ ನೋಡಿದನು. ನಾನು ನೋಡಲಿಲ್ಲ.

ಮೇಲೆ ಕಂಡುದು ಕಡಿಮೆಯದಲ್ಲ. ಮೂಡಣಕ್ಕೆ ಕುದುರೆಮುಖದ ಶ್ರೇಣಿ ನೀಲಿಯ ಮೇಲೆ ನೀಲಿಯಾಗಿ ಮಡಿಕೆಬಿದ್ದಿತ್ತು. ಕೆಳಗೆ ಅಡಕೆಯ ತೋಟಗಳು ಹಸುರು ಕಂಬಳಿ ಹಾಸಿದಂತೆ, ಮನೆಗಳು ಕಡ್ಡಿಪೆಟ್ಟಿಗೆಗಳಂತೆ, ದಾರಿಗಳು ನೂಲಿನ ಎಳೆಗಳಂತೆ ತೋರಿದವು. ಪಡುವಣದಲ್ಲಿ ನೆಲವು ಕಡಲಿನ ಕಡೆಗೆ ಇಳಿದು ಮಂಜಿನಲ್ಲಿ ಕರಗಿತ್ತು. ಬಂಡೆಯ ಅಂಚಿನಲ್ಲಿ ಕೆಲವು ತರುಣರು ಕಣಿವೆಗೆ ಬೆನ್ನುಮಾಡಿ ನಿಂತು, ಅಂಗೈಯಲ್ಲಿಯ ಮೊಬೈಲನ್ನು ಎತ್ತಿ ಹಿಡಿದು, ಅದರಲ್ಲಿ ತಮ್ಮ ಮುಖವನ್ನು ನೋಡಿಕೊಳ್ಳುತ್ತಿದ್ದರು. ಅವರನ್ನು ಕಂಡು ನಕ್ಕೆನು. ನಕ್ಕು ಐದು ನಿಮಿಷವಾಗುವಷ್ಟರಲ್ಲಿ ಹುಡುಗನ ಕೈಗೆ ನನ್ನ ಮೊಬೈಲನ್ನು ಕೊಟ್ಟು, ಕುದುರೆಮುಖವು ಹಿಂದೆ ಬರುವಂತೆ ನಿಂತು ಚಿತ್ರ ತೆಗೆಸಿಕೊಂಡೆನು. ಆ ಚಿತ್ರದಲ್ಲಿ ನನ್ನ ಮುಖ ಪ್ರಸನ್ನವಾಗಿಯೇ ಇದೆ.

ಇಳಿಯುವಾಗ ಆ ತಿರುವಿನಲ್ಲಿ ಯಾರೂ ಇರಲಿಲ್ಲ. ಬುಡಕ್ಕೆ ಬಂದಾಗ ಮರದ ನೆರಳಿನಲ್ಲಿ ಅವರು ಕಾಲು ಚಾಚಿ ಕುಳಿತಿದ್ದರು. ಕಾಲಿಗೆ ಒದ್ದೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಮುದುಕಿಯೊಬ್ಬಳು ಮೊಮ್ಮಗನೊಡನೆ ಇದ್ದಳು. ಬಂಡೆಯನ್ನು ನೋಡಬೇಕೆಂದು ಮೊಮ್ಮಗನನ್ನು ಕರೆದುಕೊಂಡು ಬಂದವಳು ಅವಳು. ದಾರಿಯಲ್ಲಿ ಇವರನ್ನು ಕಂಡು, ತನ್ನ ನೀರನ್ನೆಲ್ಲ ಕುಡಿಸಿ, ಅಜ್ಜಿ ಮೊಮ್ಮಗ ಇಬ್ಬರೂ ಹೆಗಲು ಕೊಟ್ಟು, ಒಂದೊಂದೇ ಮೆಟ್ಟಿಲಾಗಿ ಇಳಿಸಿಕೊಂಡು ಬಂದಿದ್ದರು. “ಹಾಗಾದರೆ ನೀವು ಮೇಲೆ ಹೋಗಲೇ ಇಲ್ಲವೆ ಅಮ್ಮ?” ಎಂದು ನಾನು ಕೇಳಿದೆನು. ಅವಳು ನಕ್ಕು ಹೇಳಿದ ಮಾತು ಇದು: “ಇಲ್ಲ ಮಾರಾಯ್ರೆ. ಗುಡ್ಡೆ ಎಲ್ಲಿಗೆ ಹೋಗ್ತದೆ? ಅದು ನಾಳೆಯೂ ಇಲ್ಲೇ ಇರ್ತದೆ.”

ಪೊಳಲಿಗೆ ಹಿಂದಿರುಗಿದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶರಣರ ಸ್ಥಾವರ-ಜಂಗಮ ವಿಚಾರವನ್ನು ಎಷ್ಟೋ ವರ್ಷಗಳಿಂದ ಓದಿದ್ದೆನು. ಸಭೆಗಳಲ್ಲಿ ಅದರ ಮೇಲೆ ಮಾತನಾಡಿಯೂ ಇದ್ದೆನು. ನಿಂತುದು ಅಳಿಯುವುದು, ನಡೆವುದು ಉಳಿಯುವುದು ಎಂಬ ಬಸವಣ್ಣನವರ ಮಾತಿನ ತಾತ್ಪರ್ಯವನ್ನು ದೇಗುಲಕ್ಕೂ ದೇಹಕ್ಕೂ ಅನ್ವಯಿಸಿ ಬಿಡಿಸಿ ಹೇಳಬಲ್ಲವನಾಗಿದ್ದೆನು. ಅಕ್ಷರವನ್ನು ಕಲಿತಿದ್ದಳೋ ಇಲ್ಲವೋ ತಿಳಿಯದ ಆ ಮುದುಕಿ ಅದನ್ನು ಒಂದು ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು. ಗುಡ್ಡ ಎಲ್ಲಿಗೂ ಹೋಗದು; ಅದು ಸ್ಥಾವರ. ಅದು ಕೋಟ್ಯಂತರ ವರ್ಷಗಳಿಂದ ಕಾದಿದೆ, ಇನ್ನೂ ಕಾಯಬಲ್ಲದು. ಕಾಯಲಾರದವನು ಮೆಟ್ಟಿಲ ಮೇಲೆ ಕುಳಿತ ಬಾಯಾರಿದ ಮನುಷ್ಯ. ಅವನು ಈ ಗಳಿಗೆ ನಮ್ಮೆದುರಿಗೆ ಇರುವನು. ಮುಂದಿನ ಗಳಿಗೆ ಇರಲಾರನು. ಅವನಿಗೆ ನೀರು ಕೊಡುವ ಅವಕಾಶವೂ ಅವನೊಡನೆಯೇ ನಡೆದುಹೋಗುವುದು. ಕಾಯುವಂಥದಕ್ಕಾಗಿ ಕಾಯಲಾರದುದನ್ನು ಕೈಬಿಟ್ಟುದು, ಇದೇ ನಾನು ಮಾಡಿದ ತಪ್ಪು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ‘ಹಾಗಾದರೆ ಬೆಟ್ಟವನ್ನು ಏರಲೇ ಬಾರದೆ? ಪ್ರಕೃತಿಯ ವೈಭವವನ್ನು ನೋಡುವುದು ಶಿವಭಕ್ತನಿಗೆ ನಿಷಿದ್ಧವೆ?’ ಹಾಗಲ್ಲ. ಶರಣರು ಕಣ್ಣು ಮುಚ್ಚಿಕೊಂಡು ಬಾಳಿದವರಲ್ಲ. ಅಕ್ಕಮಹಾದೇವಿಯು ಕಲ್ಯಾಣವನ್ನು ಬಿಟ್ಟು ಶ್ರೀಶೈಲದ ಕಾಡುಬೆಟ್ಟಗಳನ್ನು ಏರಿ ಕದಳಿಯನ್ನು ಹೊಕ್ಕವಳು. ಗಿಡ ಮರ ಹಕ್ಕಿಗಳನ್ನು ಮಾತನಾಡಿಸಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಅವಳು ವಿಚಾರಿಸಿದಳು. ಆದರೆ ಅವಳು ಬೆಟ್ಟವನ್ನು ಏರಿದುದು ಬೆಟ್ಟಕ್ಕಾಗಿ ಅಲ್ಲ. ಬೆಟ್ಟದಲ್ಲಿ ಮನೆಯನ್ನು ಮಾಡಿದವರು ಮೃಗಗಳಿಗೆ ಅಂಜುವುದು ಸಲ್ಲದೆಂದು ಹೇಳಿ, ಅದನ್ನೇ ಲೋಕದಲ್ಲಿ ಹುಟ್ಟಿದವರ ಸ್ತುತಿನಿಂದೆಗಳಿಗೆ ಅವಳು ಅನ್ವಯಿಸಿದಳು. ಎತ್ತರವು ಅವಳಿಗೆ ನೋಡುವ ವಸ್ತುವಾಗಿ ಉಳಿಯದೆ ಬಾಳುವ ಕ್ರಮಕ್ಕೆ ದೃಷ್ಟಾಂತವಾಯಿತು. ದೋಷವಿರುವುದು ಏರುವುದರಲ್ಲಿ ಅಲ್ಲ. ಏರಿದೆನೆಂಬುದನ್ನೇ ಫಲವೆಂದು ಎಣಿಸುವುದರಲ್ಲಿ.

ಎತ್ತರಕ್ಕೆ ತನ್ನದೇ ಆದ ಧರ್ಮವೆಂಬುದು ಇಲ್ಲ. ಗಡಾಯಿಕಲ್ಲಿನ ಇತಿಹಾಸವೇ ಇದಕ್ಕೆ ಸಾಕ್ಷಿ. ನಾವು ಇಂದು ಆನಂದಪಡುವ ಅದೇ ನೋಟ ಕೋಟೆಯ ಕಾವಲುಗಾರನಿಗೆ ಹಗೆಯ ಬರವನ್ನು ಕಾಯುವ ಉಪಾಯವಾಗಿತ್ತು. ದಂಡನೆಗೆ ಗುರಿಯಾದವರನ್ನು ಆ ಅಂಚಿನಿಂದಲೇ ಕೆಳಕ್ಕೆ ತಳ್ಳುತ್ತಿದ್ದರೆಂಬ ಮಾತು ಅಲ್ಲಿಯ ಜನರ ಬಾಯಲ್ಲಿ ಇದೆ. ಮಾತು ನಿಜವಿರಲಿ ಇಲ್ಲದಿರಲಿ, ಅದು ನಂಬತಕ್ಕ ಮಾತಾಗಿಯೇ ತೋರುವುದು. ಏಕೆಂದರೆ ಬಂಡೆಯು ಯಾರನ್ನೂ ತಡೆಯದು. ಆಕಾಶದ ವಿಸ್ತಾರವನ್ನು ಕಂಡು ಕೈಮುಗಿಯುವವನೂ ಅಲ್ಲಿ ನಿಲ್ಲಬಹುದು, ಮನುಷ್ಯನನ್ನು ತಳ್ಳುವವನೂ ನಿಲ್ಲಬಹುದು. ಇಬ್ಬರ ಕಣ್ಣಿಗೂ ಕಾಣುವುದು ಅದೇ ಕಣಿವೆ. ನೋಟವನ್ನು ಎತ್ತರ ಕೊಡಬಲ್ಲದು, ದೃಷ್ಟಿಯನ್ನು ಕೊಡಲಾರದು.

ಪರದೇಶದ ಒಂದು ಉದಾಹರಣೆ ಇಲ್ಲಿ ನೆನಪಿಗೆ ಬರುವುದು. ಉತ್ತರ ಯುರೋಪಿನ ನಾರ್ವೆ ದೇಶದಲ್ಲಿ, ಹಿಂದಿನ ಹಿಮಯುಗಗಳಲ್ಲಿ ನೀರ್ಗಲ್ಲಿನ ನದಿಗಳು ಕೊರೆದ ಆಳವಾದ ಕಣಿವೆಗಳೊಳಗೆ ಕಡಲು ನುಗ್ಗಿ ನಿಂತಿದೆ. ಇವನ್ನು ಆ ಜನರು ಫ್ಯೋರ್ಡ್ ಎಂದು ಕರೆಯುವರು. ಲೀಸೆಫ್ಯೋರ್ಡ್ ಎಂಬ ಅಂಥ ಒಂದು ಕಡಲಕಣಿವೆಯ ಮೇಲೆ 604 ಮೀಟರ್ ಎತ್ತರದಲ್ಲಿ, ಚಾಚಿದ ಜಗಲಿಯಂತೆ ಒಂದು ಬಂಡೆ ಇರುವುದು. ಅದರ ಮೇಲ್ಭಾಗ ಸಮತಟ್ಟು, ಅಂಚಿಗೆ ಕಟಕಟೆಯಿಲ್ಲ, ಕೆಳಗೆ ನೆಟ್ಟನೆ ನೀರು. ಪ್ರೆಯ್ಕೆಸ್ಟೋಲೆನ್ ಎಂಬುದು ಅದರ ಹೆಸರು. ಉಪದೇಶಪೀಠವೆಂದು ಅದರ ಅರ್ಥ. ಆ ಪೀಠವನ್ನು ನೋಡಲು ವರ್ಷಕ್ಕೆ ಲಕ್ಷಗಟ್ಟಲೆ ಜನ ಏರಿ ಹೋಗುವರು. ಪೀಠವಿದೆ, ಉಪದೇಶಕನಿಲ್ಲ, ಅಲ್ಲಿ ಕೇಳಿಸುವ ಉಪದೇಶ ಪ್ರತಿಯೊಬ್ಬನೂ ತನ್ನೊಳಗಿನಿಂದ ಕೊಂಡೊಯ್ದುದೇ ಆಗಿರಬೇಕು.

ಆದರೆ ಆ ಬಂಡೆಗಿಂತ ಅದರ ದಾರಿಯ ಕಥೆ ನನಗೆ ಹಿರಿದಾಗಿ ತೋರಿತು. ಜನರ ಕಾಲ್ತುಳಿತದಿಂದ ಕೆಟ್ಟುಹೋದ ದಾರಿಯನ್ನು 2013ರ ಸುಮಾರಿನಲ್ಲಿ ನೇಪಾಳದಿಂದ ಬಂದ ಶೆರ್ಪಾ ಜನರು ಸರಿಪಡಿಸಿದರು. ಹಿಮಾಲಯದಲ್ಲಿ ಕಲ್ಲಿನ ದಾರಿಯನ್ನು ಕಟ್ಟಿ ಪಳಗಿದ ಕೈಗಳು ಕಡಲುಗಳಾಚೆಗೆ ಹೋಗಿ, ಒಂದರ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ಕೂರಿಸಿ, ಕಾಣದ ಜನರ ಕಾಲಿಗೆ ನೆಲೆ ಮಾಡಿಕೊಟ್ಟವು. ನೆತ್ತಿಯಲ್ಲಿ ನಿಂತು ಕೈಚಾಚಿದವನ ಚಿತ್ರ ಲೋಕದ ತುಂಬ ಹರಡಿದೆ. ಮೆಟ್ಟಿಲನ್ನು ಕೂರಿಸಿದವನ ಚಿತ್ರವನ್ನು ಹುಡುಕಬೇಕು. ಗಡಾಯಿಕಲ್ಲಿನಲ್ಲಿಯೂ ಹೀಗೆಯೇ. ಕೋಟೆಯನ್ನು ಕಟ್ಟಿಸಿದವನ ಹೆಸರು ಉಳಿದಿದೆ. 1800 ಮೆಟ್ಟಿಲುಗಳನ್ನು ಉಳಿಯಿಂದ ಕಡಿದವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ಬಿಸಿಲಿಗೆ ಕಾದ ಬಂಡೆಯ ಮೇಲೆ, ಜಾರಿದರೆ ಕಣಿವೆಯೆಂಬ ಭಯದಲ್ಲಿ, ಅವರು ಹೊಡೆದ ಒಂದೊಂದು ಪೆಟ್ಟಿನ ಮೇಲೆಯೇ ನಾವು ಕಾಲಿಟ್ಟು ಏರುವೆವು. ಅವರಲ್ಲಿ ಎಷ್ಟು ಮಂದಿಗೆ ಮೇಲಿನ ನೋಟವನ್ನು ನೋಡಲು ಬಿಡುವಿತ್ತೋ!

ಕಲ್ಯಾಣದ ಶರಣರು ಈ ವಿಷಯದಲ್ಲಿ ಮಾಡಿದ ಕ್ರಾಂತಿ ಅಸಾಧಾರಣವಾದುದು. ಶಿವನ ನೆಲೆಯಾದ ಕೈಲಾಸವೂ ಒಂದು ಬೆಟ್ಟವೇ. ನಮ್ಮ ಕಲ್ಪನೆಯ ಬೆಟ್ಟಗಳಲ್ಲೆಲ್ಲ ಅದೇ ಎತ್ತರವಾದುದು. ಆ ಬೆಟ್ಟವನ್ನೇ ಅವರು ಕೆಳಕ್ಕಿಳಿಸಿ ಮನುಷ್ಯನ ದುಡಿಮೆಯಲ್ಲಿ ನೆಲೆಗೊಳಿಸಿದರು. ನುಲಿಯ ಚಂದಯ್ಯನ ಹಗ್ಗದ ಹುರಿಯಲ್ಲಿ, ಮಡಿವಾಳ ಮಾಚಯ್ಯನ ಬಟ್ಟೆಯ ಕಲ್ಲಿನಲ್ಲಿ, ಅಂಬಿಗರ ಚೌಡಯ್ಯನ ಹುಟ್ಟಿನಲ್ಲಿ ಕೈಲಾಸವನ್ನು ಕಂಡರು. ಏರಲಾರದವನಿಗೂ ಎಟಕುವ ಎತ್ತರವದು. ಹಾಗಿರುವಲ್ಲಿ ಮೆಟ್ಟಿಲನ್ನು ಕಡಿದವನು ಮೆಟ್ಟಿಲ ಬಳಿಯಲ್ಲಿಯೇ ಶಿಖರವನ್ನು ಮುಟ್ಟಿದ್ದನೆಂದರೆ ಅದು ಬರಿಯ ಅಲಂಕಾರದ ಮಾತಾಗದು.

ಇನ್ನೊಂದು ಸಂಗತಿ. ಇಟಲಿಯ ಕವಿ ಪೆಟ್ರಾರ್ಕನು 1336ರಲ್ಲಿ ಫ್ರಾನ್ಸಿನ ವಾಂತೂ ಎಂಬ ಬೆಟ್ಟವನ್ನು ಏರಿದ ವೃತ್ತಾಂತವನ್ನು ಒಂದು ಪತ್ರದಲ್ಲಿ ಬರೆದಿರುವನು. ಎತ್ತರವಾದ ಸ್ಥಳವನ್ನು ನೋಡಬೇಕೆಂಬ ಆಸೆಯೊಂದರಿಂದಲೇ ಅವನು ಏರಿದನು. ನೆತ್ತಿಯ ಮೇಲೆ ನಿಂತು ಮೋಡಗಳನ್ನೂ ದೂರದ ಹಿಮಗಿರಿಗಳನ್ನೂ ನೋಡಿದ ಮೇಲೆ, ಜೊತೆಯಲ್ಲಿ ಒಯ್ದಿದ್ದ ಸಂತ ಅಗಸ್ಟೀನನ ಗ್ರಂಥವನ್ನು ತೆರೆದನು. ಜನರು ಬೆಟ್ಟಗಳನ್ನೂ ಕಡಲನ್ನೂ ನೋಡಿ ಬೆರಗಾಗಲು ಹೋಗುವರು, ತಮ್ಮನ್ನು ತಾವು ನೋಡಿಕೊಳ್ಳುವುದನ್ನು ಮಾತ್ರ ಮರೆಯುವರು, ಎಂಬ ಅರ್ಥದ ಮಾತು ಅವನ ಕಣ್ಣಿಗೆ ಬಿದ್ದಿತಂತೆ. ಅವನು ನಾಚಿ, ಗ್ರಂಥವನ್ನು ಮುಚ್ಚಿ, ಮಾತಿಲ್ಲದೆ ಕೆಳಗಿಳಿದನು. ಹೊರಗಣ ಎತ್ತರಕ್ಕಿಂತ ಆತ್ಮವು ಹಿರಿದೆಂಬ ಅರಿವು ಅವನಿಗೆ ಆಯಿತು.

ಅವನಿಗೂ ಸುಮಾರು ಎರಡು ಶತಮಾನಗಳ ಮೊದಲೇ ನಮ್ಮ ಶರಣರು ಇದನ್ನು ಬರಿಯ ಮಾತಾಗಿ ಬಿಡದೆ ದಿನನಿತ್ಯದ ಆಚರಣೆಯಾಗಿ ಮಾಡಿದ್ದರು. ಇಷ್ಟಲಿಂಗದ ಪೂಜೆ ಎಂದರೇನು? ಎಲ್ಲೆಲ್ಲಿಯೂ ಹರಡಿಹೋಗುವ ಕಣ್ಣನ್ನು ಅಂಗೈಯಷ್ಟು ಸ್ಥಳದಲ್ಲಿ ನಿಲ್ಲಿಸುವುದು. ಜಗದಗಲದ ವಸ್ತುವು ಕರಸ್ಥಲಕ್ಕೆ ಬಂದು ಚುಳುಕಾಗುವ ಬೆರಗನ್ನು ಶರಣರು ಮತ್ತೆ ಮತ್ತೆ ಹೇಳಿರುವರು. ಬೆಟ್ಟವನ್ನು ಏರಿದವನು ತಾನು ಸಣ್ಣವನಾಗಿ ದೊಡ್ಡದನ್ನು ನೋಡುವನು. ಕರಸ್ಥಲವನ್ನು ನೋಡುವವನು ಸಣ್ಣದರಲ್ಲಿ ದೊಡ್ಡದನ್ನು ಕಾಣುವನು. ಅದಕ್ಕೆ 1800 ಮೆಟ್ಟಿಲು ಬೇಡ. ಬಡವನ ಗುಡಿಸಲಿನಲ್ಲಿಯೂ, ಕಾಲಿಲ್ಲದವನ ಹಾಸಿಗೆಯಲ್ಲಿಯೂ ಅದು ಸಾಧ್ಯ.

ಬಂಡೆಯ ಅಂಚಿನಲ್ಲಿ ಕಣಿವೆಗೆ ಬೆನ್ನುಮಾಡಿ ನಿಂತ ತರುಣರ ಅಂಗೈಯಲ್ಲಿಯೂ ಒಂದು ವಸ್ತುವಿತ್ತು. ಅದೂ ಕಪ್ಪು, ಅದೂ ನುಣುಪು, ಅದರಲ್ಲಿಯೂ ಬೆಳಕು ಹೊಳೆಯುತ್ತಿತ್ತು. ಇಷ್ಟಲಿಂಗದ ಕಂತಿಯೂ ಕಪ್ಪಾಗಿ ಹೊಳೆಯುವಂಥದೇ. ಎರಡನ್ನೂ ಅಂಗೈಯಲ್ಲಿ ಹಿಡಿದು ಎವೆಯಿಕ್ಕದೆ ನೋಡುವರು. ಭೇದವೆಲ್ಲಿ? ಒಂದರಲ್ಲಿ ‘ನಾನು ಹೇಗೆ ಕಾಣುವೆನು?’ ಎಂಬ ಪ್ರಶ್ನೆ. ಇನ್ನೊಂದರಲ್ಲಿ ‘ನಾನು ಯಾರು?’ ಎಂಬ ಪ್ರಶ್ನೆ. ಒಂದು ‘ನಾನು’ ಎಂಬುದನ್ನು ಬೆಳಸುವುದು; ಇನ್ನೊಂದು ಅದನ್ನು ಕರಗಿಸುವುದು. ಆದರೆ ತರುಣರನ್ನು ಹಳಿದು ಸುಮ್ಮನಾಗುವುದು ಹಿರಿಯರಾದ ನಮಗೆ ಭೂಷಣವಲ್ಲ. ಲಿಂಗವನ್ನು ಕೈಯಲ್ಲಿ ಹಿಡಿದೂ ‘ನಾನು ಎಂಥ ಪೂಜಾನಿಷ್ಠನು, ನೆರೆಯವರು ನೋಡುತ್ತಿರುವರೆ?’ ಎಂದು ಎಣಿಸುವವನು ಮಾಡುವುದೇನು? ಅವನೂ ಲಿಂಗವನ್ನು ಕನ್ನಡಿಯಾಗಿ ಮಾಡಿಕೊಂಡು ತನ್ನ ಮುಖವನ್ನೇ ನೋಡಿಕೊಳ್ಳುವನು. ವಸ್ತು ಬದಲಾದರೆ ಸಾಲದು, ನೋಟ ಬದಲಾಗಬೇಕು.

ಹೊರಗಿನಿಂದ ಒಳಗೆ ತಿರುಗಬೇಕೆಂಬಲ್ಲಿಗೆ ಪೆಟ್ರಾರ್ಕನ ಪಾಠ ಮುಗಿಯಿತು. ವಚನಧರ್ಮದ ಪಾಠ ಅಲ್ಲಿಗೆ ಮುಗಿಯದು. ಲಿಂಗದ ಜೊತೆಗೆ ಜಂಗಮವನ್ನು ಇಟ್ಟುದರ ರಹಸ್ಯವೇ ಇದು. ಒಳಗೆ ತಿರುಗಿದ ಕಣ್ಣು ಒಳಗೇ ಉಳಿದುಬಿಟ್ಟರೆ ಅದೂ ಒಂದು ಬಗೆಯ ಶಿಖರವಾಗುವುದು. ಅಲ್ಲಿ ನಿಂತವನಿಗೂ ಕೆಳಗಿನ ಮನುಷ್ಯರು ಇರುವೆಗಳಂತೆ ಕಾಣತೊಡಗುವರು. ಆದುದರಿಂದ ಲಿಂಗವನ್ನು ನೋಡಿದ ಕಣ್ಣು ಮತ್ತೆ ಹೊರಗೆ ತೆರೆದು ಎದುರಿಗಿರುವವನಲ್ಲಿ ಶಿವನನ್ನು ಗುರುತಿಸಬೇಕು. ಜಂಗಮವೆಂದರೆ ಕಾವಿಯುಟ್ಟು ಮನೆಗೆ ಬಂದ ಪೂಜ್ಯರು ಮಾತ್ರವಲ್ಲ, ಚೈತನ್ಯವುಳ್ಳ ಪ್ರಾಣಿಯೆಲ್ಲವೂ ಹೌದೆಂದು ವಿಶಾಲವಾಗಿ ಅರ್ಥಮಾಡಿದ ಹಿರಿಯರುಂಟು. ಆ ಅರ್ಥದಲ್ಲಿ ನನ್ನ ದಾರಿಯ ತಿರುವಿನಲ್ಲಿ ಕುಳಿತು ನೀರು ಕೇಳಿದವರು ಜಂಗಮವೇ. ಅವರಿಗೆ ಒಂದು ಗುಟುಕನ್ನು ಅಳೆದು ಕೊಟ್ಟು, ಉಳಿದುದನ್ನು ನೆತ್ತಿಗೆಂದು ಹೊತ್ತುಕೊಂಡು ಹೋದೆನು. ಅಂದು ಬೆಳಿಗ್ಗೆ ಲಿಂಗಪೂಜೆಯನ್ನು ಮುಗಿಸಿಯೇ ಹೊರಟಿದ್ದೆನೆಂಬುದನ್ನು ನೆನೆದರೆ ಇಂದಿಗೂ ತಲೆ ತಗ್ಗುವುದು.

ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಒಂದು. ತಾನು ಎಲ್ಲರಿಗಿಂತ ಕಿರಿಯನೆಂದು ತಿಳಿದು ಸೇವಕನಂತೆ ನಡೆಯುವುದೇ ಅದರ ಲಕ್ಷಣ. ಬೆಟ್ಟದ ತುದಿಯಲ್ಲಿ ನಿಂತವರು ‘ನಾನೆಷ್ಟು ಅಲ್ಪನು!’ ಎಂದು ಉದ್ಗಾರ ತೆಗೆಯುವುದುಂಟು. ನನ್ನ ಬಾಯಿಂದಲೂ ಅಂದು ಆ ಮಾತು ಬಂದಿತ್ತು, ಅದರಲ್ಲಿ ಕಪಟವಿರಲಿಲ್ಲ. ಆದರೆ ಬೆಟ್ಟದ ಮುಂದೆ ಕಿರಿಯನಾಗುವುದು ಸುಲಭ. ಬೆಟ್ಟವು ನಮ್ಮಿಂದ ಏನನ್ನೂ ಕೇಳದು. ನೀರು ಕೇಳುವ ಮನುಷ್ಯನ ಮುಂದೆ ಕಿರಿಯನಾಗುವುದೇ ಕಠಿನ. ಏಕೆಂದರೆ ಅಲ್ಲಿ ನಮ್ಮ ಬಾಟಲಿ ಬರಿದಾಗುವುದು, ನಮ್ಮ ಹೊತ್ತು ಕಳೆಯುವುದು, ನಮ್ಮ ಶಿಖರ ತಪ್ಪಿಹೋಗುವುದು. ಬೆಲೆ ತೆರದ ವಿನಯ ಭಾವನೆಯಷ್ಟೆ. ಬೆಲೆ ತೆತ್ತ ವಿನಯ ಆಚಾರ.

ಶಿಖರಗಳ ಲೆಕ್ಕವಿಡುವ ಹಂಬಲವೂ ಇಂದು ಬೆಳೆದಿದೆ. ‘ಅದನ್ನು ನೋಡಿದೆ, ಇದನ್ನು ಏರಿದೆ, ಇನ್ನಿಷ್ಟು ಉಳಿದಿವೆ’ ಎಂದು ಪಟ್ಟಿಮಾಡುವರು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅದು ಶಿವನಿಗೆ ಒಪ್ಪದ ಆಸೆಯೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿದಳು. ಅಕ್ಕಿಗೆ ಸಲ್ಲುವ ಈ ವಿವೇಕ ನೋಟಕ್ಕೂ ಸಲ್ಲುವುದು. ಕಂಡುದನ್ನು ಅರಗಿಸಿಕೊಳ್ಳದೆ ಮತ್ತಷ್ಟನ್ನು ಕೂಡಿಹಾಕುವ ಕಣ್ಣೂ ಲೋಭದ ಒಂದು ಬಾಗಿಲು.

ಅಂಚಿನ ವಿಷಯದಲ್ಲಿಯೂ ಎರಡು ಮಾತು ಹೇಳಬೇಕು. ಮಳೆಗಾಲದಲ್ಲಿ ಅಂಥ ಬಂಡೆಗಳು ಪಾಚಿ ಹಿಡಿದು ಜಾರುವವು. ಬೇಸಗೆಯಲ್ಲಿಯೂ ಗಾಳಿಯ ಒಂದು ಹೊಡೆತ ಸಾಕು. ಇಷ್ಟಾಗಿಯೂ ಒಂದು ಹೆಜ್ಜೆ ಮುಂದಿಟ್ಟು ಧೈರ್ಯವನ್ನು ಮೆರೆಸುವವರುಂಟು. ದೇಹವನ್ನು ಶಿವನ ಆಲಯವೆಂದು ಬಗೆದ ಧರ್ಮ ನಮ್ಮದು. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಮನೆಯಲ್ಲಿ ದಾರಿ ನೋಡುವ ತಾಯಿತಂದೆಗಳಿರುವಾಗ, ಮಡದಿಮಕ್ಕಳಿರುವಾಗ, ನಾಲ್ಕು ಜನರ ಮೆಚ್ಚಿಕೆಗಾಗಿ ಆ ಆಲಯವನ್ನು ಕಣಿವೆಯ ತುಟಿಗೆ ಒಯ್ಯುವುದು ಧೈರ್ಯವಲ್ಲ, ಪರರ ಸೊತ್ತಿನ ದುರ್ವ್ಯಯ. ಮುಳುಗುವವನನ್ನು ಎತ್ತಲು ಹೊಳೆಗೆ ಹಾರುವವನೂ ಪ್ರಾಣವನ್ನು ಪಣವಾಗಿಡುವನು, ಚಿತ್ರಕ್ಕಾಗಿ ಅಂಚಿಗೆ ಹೋಗುವವನೂ ಪಣವಾಗಿಡುವನು. ಪಣ ಒಂದೇ, ಪಡೆಯಬೇಕೆಂದು ಬಯಸಿದುದು ಬೇರೆ. ಅಂಚಿನಲ್ಲಿ ಹುಟ್ಟುವ ಅಂಜಿಕೆಗೆ ನಾಚಬೇಕಾಗಿಲ್ಲ. ಅದು ಕೊಟ್ಟವನ ಸೊತ್ತನ್ನು ಕಾಯುವ ಕಾವಲುಗಾರ.

ನಮ್ಮ ಶಾಸ್ತ್ರದಲ್ಲಿಯೂ ಏರುವ ಮಾತಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳು. ಇವನ್ನು ಸೋಪಾನಕ್ಕೆ ಹೋಲಿಸುವುದು ರೂಢಿ. ಆದರೆ ಹೋಲಿಕೆಗೆ ಒಂದು ಮಿತಿಯುಂಟು. ಬಂಡೆಯ ಮೆಟ್ಟಿಲನ್ನು ಏರಿದವನು ಅದನ್ನು ಹಿಂದೆ ಬಿಡುವನು, ಷಟ್‍ಸ್ಥಲದಲ್ಲಿ ಹಾಗಿಲ್ಲ. ಒಂದೊಂದು ಸ್ಥಲದಲ್ಲಿಯೂ ಆರೂ ಸ್ಥಲಗಳು ಅಡಗಿರುವುದರಿಂದಲೇ ಮೂವತ್ತಾರು ಭೇದಗಳನ್ನು ಹಿರಿಯರು ಎಣಿಸಿದರು. ಐಕ್ಯನಲ್ಲಿಯೂ ಭಕ್ತನಿರಬೇಕು. ಭಕ್ತನ ಕೈಯ ದಾಸೋಹವನ್ನು ಕೆಳಗೆ ಬಿಟ್ಟು ಮೇಲೆ ಹೋದವನು ಐಕ್ಯವನ್ನು ಮುಟ್ಟಲಾರನು. ಮೊದಲ ಮೆಟ್ಟಿಲ ಬಳಿ ಬಾಯಾರಿದವನನ್ನು ಬಿಟ್ಟುಹೋದ ನನಗೆ ಕೊನೆಯ ಮೆಟ್ಟಿಲಲ್ಲಿ ಸಿಕ್ಕಿದುದು ಒಂದು ಚಿತ್ರ ಮಾತ್ರ. ಮೊದಲ ಮೆಟ್ಟಿಲುಗಳಿಂದಲೇ ಹಿಂದಿರುಗಿದ ಮುದುಕಿಗೆ ಸಿಕ್ಕಿದುದನ್ನು ನಾನು ಅಳೆಯಲಾರೆನು.

ಪೊಳಲಿಯಿಂದ ಊರಿಗೆ ಹೊರಡುವ ಮುನ್ನ ಬಂಟ್ವಾಳ ತಾಲೂಕಿನ ಕಾರಿಂಜಕ್ಕೂ ಹೋಗಿ ಬಂದೆನು. ಅಲ್ಲಿಯೂ ಹೆಬ್ಬಂಡೆಯೇ, ಕೆಳಗೆ ಪಾರ್ವತಿಯ ಗುಡಿ, ನೆತ್ತಿಯ ಮೇಲೆ ಕಾರಿಂಜೇಶ್ವರನ ಗುಡಿ. ನೋಟವೂ ಕಡಿಮೆಯದಲ್ಲ. ಆದರೆ ಅಲ್ಲಿ ಒಂದು ಪದ್ಧತಿಯುಂಟು: ಶಿವನಿಗೆ ನೈವೇದ್ಯವಾದ ಅನ್ನವನ್ನು ಆ ಬೆಟ್ಟದ ಕೋತಿಗಳಿಗೆ ಬಡಿಸುವರು. ಹಸಿದ ಬಾಯಿಗಳನ್ನು ನೆನೆಯುವ ಎತ್ತರವೆಂದು ನನಗೆ ಅದು ಮೆಚ್ಚಿಗೆಯಾಯಿತು. ಈ ಸಲ ಕೈಯಲ್ಲಿ ಬೇಕಾದುದಕ್ಕಿಂತ ಹೆಚ್ಚು ನೀರನ್ನು ಒಯ್ದಿದ್ದೆನು. ಕೇಳುವವರು ಯಾರೂ ಸಿಕ್ಕಲಿಲ್ಲ. ತಪ್ಪಿಸಿಕೊಂಡ ಸೇವೆ ಮರುದಿನ ಅದೇ ತಿರುವಿನಲ್ಲಿ ನಮಗಾಗಿ ಕಾದು ಕುಳಿತಿರುವುದಿಲ್ಲ.

ಆದುದರಿಂದ ಭಕ್ತಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಬೆಟ್ಟವನ್ನು ಏರಿರಿ, ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಅವನ ಸೃಷ್ಟಿಯ ಹಿರಿಮೆಯನ್ನು ಕಣ್ತುಂಬ ನೋಡಿರಿ. ಕಾಲಿಟ್ಟ ಮೆಟ್ಟಿಲನ್ನು ಕಡಿದ ಕೈಗಳನ್ನು ಒಮ್ಮೆ ನೆನೆಯಿರಿ. ದಾರಿಯಲ್ಲಿ ಯಾರಾದರೂ ಕುಳಿತಿದ್ದರೆ ನಿಲ್ಲಿರಿ. ನಿಂತುದರಿಂದ ಶಿಖರ ತಪ್ಪಿದರೆ ತಪ್ಪಲಿ. ಗುಡ್ಡ ಎಲ್ಲಿಗೂ ಹೋಗದು. ನಾಳೆಯೂ ಅದು ಅಲ್ಲಿಯೇ ಇರುವುದು.